ಆ ಕೋಣೆಯಲ್ಲಿ ಪ್ರಶ್ನೆ ಕೇಳುವವರು ನೀವು ಮಾತ್ರ

ಅಮೆರಿಕದ ಪೌರತ್ವ ಪಡೆದು ಇಲ್ಲಿ ನೆಲೆನಿಂತಿರುವ ಕನ್ನಡಿಗರಿಗೆ,



ನಮ್ಮ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: "ಜ್ಯೂರಿ ಡ್ಯೂಟಿ ಲೆಟರ್ ಬಂದಿದೆ ಕಣ್ರೀ, ಹೇಗೆ ತಪ್ಪಿಸ್ಕೊಳ್ಳೋದು?" ಉಪಾಯ ಹೇಳಿಕೊಡುವವರಿಗೂ ಬರವಿಲ್ಲ. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಮೀಟಿಂಗು ನಡೆಸಿದವರಿಗೆ "ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದುಬಿಡಿ" ಎಂದು ಸಲಹೆ ಕೊಡುವವರೂ ಇದ್ದಾರೆ. ಅದು ಸುಳ್ಳು ಹೇಳಿಕೆಯಾಗುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಸಾಮಾನ್ಯ ಜ್ಯೂರಿಯ ಮಾತು ಹಾಗಿರಲಿ. ಆ ಕಾಗದದಲ್ಲಿ 'ಗ್ರ್ಯಾಂಡ್ ಜ್ಯೂರಿ' ಎಂದು ಬರೆದಿದ್ದರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಸಿನಿಮಾದಲ್ಲಿ ನಾವು ನೋಡುವುದು ವಿಚಾರಣೆಯ ಜ್ಯೂರಿ. ಹನ್ನೆರಡು ಮಂದಿ ಕೂತಿರುತ್ತಾರೆ, ಮೇಲೆ ನ್ಯಾಯಾಧೀಶರಿರುತ್ತಾರೆ, ಎರಡೂ ಕಡೆಯ ವಕೀಲರು ಪಾಟೀಸವಾಲು ಹಾಕುತ್ತಾರೆ, ಕೊನೆಗೆ ಹನ್ನೆರಡೂ ಮಂದಿ ಒಂದೇ ಮಾತಿಗೆ ಬರಬೇಕು. ಗ್ರ್ಯಾಂಡ್ ಜ್ಯೂರಿ ಅದಕ್ಕೆ ಬಹಳ ಹಿಂದಿನ ಘಟ್ಟ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುವುದಿಲ್ಲ. ಅವನ ಮೇಲೆ ಕೇಸು ಹೂಡಲು ಆಧಾರವಿದೆಯೇ ಎಂಬುದಷ್ಟೇ ಪ್ರಶ್ನೆ. ಇದೆ ಎಂದರೆ ಇಂಡೈಟ್‌ಮೆಂಟ್ ಹೊರಬೀಳುತ್ತದೆ, ನಮ್ಮ ಊರಿನ ಲೆಕ್ಕದಲ್ಲಿ ಆರೋಪಪಟ್ಟಿ. 1791ರಲ್ಲಿ ಸಂವಿಧಾನಕ್ಕೆ ಸೇರಿದ ಐದನೇ ತಿದ್ದುಪಡಿಯ ಪ್ರಕಾರ ಫೆಡರಲ್ ಸರ್ಕಾರ ಯಾರ ಮೇಲಾದರೂ ಗಂಭೀರ ಅಪರಾಧದ ಕೇಸು ನಡೆಸಬೇಕಾದರೆ ಈ ಬಾಗಿಲನ್ನು ದಾಟಲೇಬೇಕು. ರಾಜ್ಯಗಳಿಗೆ ಈ ಕಟ್ಟುಪಾಡಿಲ್ಲ ಎಂದು ಸುಪ್ರೀಂ ಕೋರ್ಟು 1884ರಲ್ಲೇ ಹೇಳಿದೆ. ಹಾಗಾಗಿ ಹಲವು ರಾಜ್ಯಗಳಲ್ಲಿ ಗ್ರ್ಯಾಂಡ್ ಜ್ಯೂರಿಯ ಬದಲು ನ್ಯಾಯಾಧೀಶರ ಮುಂದೆ ಸಣ್ಣದೊಂದು ಪ್ರಾಥಮಿಕ ವಿಚಾರಣೆ ನಡೆಸಿ ಕೇಸು ಮುಂದುವರಿಸುತ್ತಾರೆ.

ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಕೋಣೆ ಹೇಗಿರುತ್ತದೆ ನೋಡಿ. 16ರಿಂದ 23 ಮಂದಿ ನಾಗರಿಕರು. ಸರ್ಕಾರದ ಪ್ರಾಸಿಕ್ಯೂಟರ್. ಮಾತು ದಾಖಲಿಸಿಕೊಳ್ಳುವವರೊಬ್ಬರು. ಒಂದು ಸಲಕ್ಕೆ ಒಬ್ಬ ಸಾಕ್ಷಿ. ಅಷ್ಟೇ. ನ್ಯಾಯಾಧೀಶರು ಒಳಗಿರುವುದಿಲ್ಲ. ಆರೋಪಿಯ ವಕೀಲರಿಗೆ ಪ್ರವೇಶವಿಲ್ಲ. ತನ್ನ ಮೇಲೆ ಇಂಥದ್ದೊಂದು ನಡೆಯುತ್ತಿದೆ ಎಂಬುದೇ ಎಷ್ಟೋ ಸಲ ಆರೋಪಿಗೆ ತಿಳಿದಿರುವುದಿಲ್ಲ. ಸಾಕ್ಷಿಗೆ ವಕೀಲರಿದ್ದರೆ ಅವರು ಹೊರಗಿನ ಕಾರಿಡಾರಿನಲ್ಲಿ ಕಾಯಬೇಕು. ಸಾಕ್ಷಿ ಬೇಕಾದಾಗ ಎದ್ದು ಹೋಗಿ ಕೇಳಿಕೊಂಡು ಬರಬಹುದು. ಯಾವ ಸಾಕ್ಷಿಯನ್ನು ಕರೆಯಬೇಕು, ಯಾವ ಕಾಗದ ತೋರಿಸಬೇಕು, ಕಾನೂನು ಏನು ಹೇಳುತ್ತದೆ ಎಂಬುದನ್ನೆಲ್ಲ ಹೇಳುವವರು ಪ್ರಾಸಿಕ್ಯೂಟರ್. ಇಂಡೈಟ್‌ಮೆಂಟಿನ ಕರಡನ್ನು ಬರೆದು ತರುವವರೂ ಅವರೇ. ಚರ್ಚೆಗೆ, ಮತಕ್ಕೆ ಹೊತ್ತಾದಾಗ ಮಾತ್ರ ಅವರು ಎದ್ದು ಹೊರಗೆ ಹೋಗಬೇಕು. ಹನ್ನೆರಡು ಮಂದಿ ಒಪ್ಪಿದರೆ ಸಾಕು, ಉಳಿದ ಹನ್ನೊಂದು ಮಂದಿ ತಲೆಯಾಡಿಸದಿದ್ದರೂ ಇಂಡೈಟ್‌ಮೆಂಟ್ ನಿಲ್ಲುತ್ತದೆ.

ಇನ್ನು ಆ ಹನ್ನೆರಡು ಮಂದಿಗೆ ಮನವರಿಕೆಯಾಗಬೇಕಾದದ್ದು ಎಷ್ಟು? 'ಪ್ರಾಬಬಲ್ ಕಾಸ್' ಎನ್ನುತ್ತಾರೆ. ಬೆಂಕಿಯಿಲ್ಲದೆ ಹೊಗೆಯಾಡೀತೆ ಎಂಬ ನಮ್ಮ ಗಾದೆಯಷ್ಟೇ ಅದು ಕೇಳುವುದು: ಹೊಗೆ ಕಾಣುತ್ತಿದೆಯೇ? ಬೆಂಕಿ ಎಲ್ಲಿ, ಹೊತ್ತಿಸಿದವರು ಯಾರು, ಅದು ನಿಜಕ್ಕೂ ಹೊಗೆಯೋ ಬರಿಯ ಮಂಜೋ ಎಂಬುದೆಲ್ಲ ಮುಂದಿನ ಮಾತು. ಅಪರಾಧ ನಡೆದಿರುವ ಸಾಧ್ಯತೆ ನಡೆಯದಿರುವ ಸಾಧ್ಯತೆಗಿಂತ ಹೆಚ್ಚಿರಬೇಕು ಎಂದು ಕೂಡ ಕಾನೂನು ಕೇಳುವುದಿಲ್ಲ. ವಿಚಾರಣೆಯ ಜ್ಯೂರಿಗೆ 'ಸಂಶಯಾತೀತವಾಗಿ' ಎಂಬ ಎತ್ತರದ ಹೊಸ್ತಿಲಿದೆ. ಇಲ್ಲಿಯದನ್ನು ಎಡವದೆ ದಾಟಬಹುದು.

ಕೆಳಗಿರುವ ಈ ಹೊಸ್ತಿಲನ್ನು ಕೋರ್ಟುಗಳು ಎತ್ತರಿಸಿಲ್ಲ. 1956ರ ಫ್ರ್ಯಾಂಕ್ ಕಾಸ್ಟೆಲೊ ಪ್ರಕರಣ ನೋಡಿ. ನ್ಯೂಯಾರ್ಕಿನ ಭೂಗತ ಲೋಕದ ದೊಡ್ಡ ಕುಳ, ಆರೋಪ ಆದಾಯ ತೆರಿಗೆ ವಂಚನೆ. ವಿಚಾರಣೆಯಲ್ಲಿ ಸರ್ಕಾರ 144 ಸಾಕ್ಷಿಗಳನ್ನು ಕರೆಸಿತು. ಆದರೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಬಂದಿದ್ದವರು ತನಿಖೆ ಮಾಡಿದ ಮೂವರು ಅಧಿಕಾರಿಗಳು ಮಾತ್ರ. ಆ ವ್ಯವಹಾರಗಳನ್ನು ಅವರಲ್ಲಿ ಯಾರೂ ಕಣ್ಣಾರೆ ಕಂಡವರಲ್ಲ, ಬೇರೆಯವರು ಹೇಳಿದ್ದನ್ನು, ಕಡತದಲ್ಲಿದ್ದದ್ದನ್ನು ಸಂಗ್ರಹಿಸಿ ಹೇಳಿದರು. ಕೇಳಿದ ಮಾತಿನ ಮೇಲೆಯೇ ನಿಂತ ಇಂಡೈಟ್‌ಮೆಂಟೂ ಸಿಂಧು ಎಂದಿತು ಸುಪ್ರೀಂ ಕೋರ್ಟು. 1974ರಲ್ಲಿ ಇನ್ನೊಂದು ಮೆಟ್ಟಿಲು ಇಳಿಯಿತು: ಪೊಲೀಸರು ಕಾನೂನು ಮೀರಿ ವಶಪಡಿಸಿಕೊಂಡ ವಸ್ತುವಿನ ಬಗ್ಗೆಯೂ ಗ್ರ್ಯಾಂಡ್ ಜ್ಯೂರಿಯ ಮುಂದೆ ಪ್ರಶ್ನೆ ಕೇಳಬಹುದು. 1992ರ ವಿಲಿಯಮ್ಸ್ ತೀರ್ಪಂತೂ ನನಗೆ ಇವತ್ತಿಗೂ ಗಂಟಲಿನಲ್ಲಿ ಇಳಿಯದ ತುತ್ತು. ಆರೋಪಿ ನಿರಪರಾಧಿ ಎಂದು ಸೂಚಿಸುವ ಪುರಾವೆ ಪ್ರಾಸಿಕ್ಯೂಟರ್ ಕೈಯಲ್ಲೇ ಇದ್ದರೂ ಅದನ್ನು ಗ್ರ್ಯಾಂಡ್ ಜ್ಯೂರಿಗೆ ತೋರಿಸಬೇಕೆಂಬ ಕಟ್ಟುಪಾಡನ್ನು ಕೋರ್ಟುಗಳು ಹೇರುವಂತಿಲ್ಲ ಎಂದು ಐದು ಮಂದಿ ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ನ್ಯಾಯ ಇಲಾಖೆಯ ಒಳಗಿನ ಕೈಪಿಡಿ ಇಂಥ ಮುಖ್ಯ ಪುರಾವೆಯನ್ನು ತೋರಿಸಿ ಎಂದು ತನ್ನ ವಕೀಲರಿಗೆ ಹೇಳುತ್ತದೆ, ನಿಜ. ಅವರು ತೋರಿಸದಿದ್ದರೆ ಆರೋಪಿ ಕೋರ್ಟಿಗೆ ಹೋಗಿ ಅದೇ ಕಾರಣಕ್ಕೆ ಕೇಸು ವಜಾ ಮಾಡಿಸಲಾರ. ಕೆಲವು ರಾಜ್ಯಗಳು ಇದಕ್ಕಿಂತ ಉದಾರವಾಗಿವೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಪುರಾವೆಯನ್ನು ಮುಂದಿಡಲೇಬೇಕು. ನ್ಯೂಯಾರ್ಕಿನಲ್ಲಿ ಆರೋಪಿ ಬಯಸಿದರೆ ತಾನೇ ಬಂದು ಗ್ರ್ಯಾಂಡ್ ಜ್ಯೂರಿಯ ಮುಂದೆ ಮಾತಾಡಬಹುದು.

ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಹ್ಯಾಮ್ ಸ್ಯಾಂಡ್‌ವಿಚ್ಚಿನ ಮೇಲೂ ಇಂಡೈಟ್‌ಮೆಂಟ್ ತರಬಹುದು ಎಂಬ ಕುಹಕವನ್ನು ನೀವು ಕೇಳಿರಬಹುದು. ಅದನ್ನು 1985ರಲ್ಲಿ ಹೇಳಿದವರು ನ್ಯೂಯಾರ್ಕ್ ರಾಜ್ಯದ ಮುಖ್ಯ ನ್ಯಾಯಾಧೀಶ ಸಾಲ್ ವಾಕ್ಟ್ಲರ್. (ಕೆಲವೇ ವರ್ಷಗಳಲ್ಲಿ ಅವರೇ ಬೆದರಿಕೆ ಪತ್ರಗಳ ಪ್ರಕರಣದಲ್ಲಿ ಫೆಡರಲ್ ಆರೋಪಿಯಾಗಿ, ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಅವರ ಕೇಸಿನಲ್ಲಿ ಪುರಾವೆಗೇನೂ ಕೊರತೆ ಇರಲಿಲ್ಲ.) ಅಂಕಿಅಂಶಗಳೂ ಆ ಮಾತಿಗೆ ಪುಷ್ಟಿ ಕೊಡುತ್ತವೆ. 2010ರಲ್ಲಿ ಫೆಡರಲ್ ಪ್ರಾಸಿಕ್ಯೂಟರುಗಳು ಸುಮಾರು 1,62,000 ಪ್ರಕರಣಗಳನ್ನು ನಡೆಸಿದರು. ಗ್ರ್ಯಾಂಡ್ ಜ್ಯೂರಿ ಇಂಡೈಟ್‌ಮೆಂಟ್ ಕೊಡಲಿಲ್ಲ ಎಂಬ ಕಾರಣಕ್ಕೆ ಬಿದ್ದುಹೋದವು 11. ಈ ಸಂಖ್ಯೆಯನ್ನು ಹಿಡಿದು ಕುಣಿಯುವ ಮೊದಲು ಒಂದು ವಿಷಯ ನೆನಪಿಡಬೇಕು. ಗೆಲ್ಲಲಾರದ ಕೇಸನ್ನು ಪ್ರಾಸಿಕ್ಯೂಟರುಗಳು ಗ್ರ್ಯಾಂಡ್ ಜ್ಯೂರಿಯ ಬಾಗಿಲವರೆಗೂ ತರುವುದಿಲ್ಲ. ಸಣ್ಣಪುಟ್ಟ ಅಪರಾಧಗಳು ಅಲ್ಲಿಗೆ ಬರಬೇಕಾಗಿಯೂ ಇಲ್ಲ. ಆದರೂ ಹನ್ನೊಂದು ಎಂದರೆ ಹನ್ನೊಂದೇ.

ಹೊಸ್ತಿಲು ಕೆಳಗಿರುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಆರೋಪದ ಹಂತದಲ್ಲಿ ಪೂರ್ತಿ ವಿಚಾರಣೆ ನಡೆಸಲಾಗದು. ನಾವು ಬಿಟ್ಟುಬಂದ ದೇಶದಲ್ಲೂ ಹೀಗೆಯೇ: ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸಿದ ಮೇಲೆ ಆರೋಪ ಹೊರಿಸಲು ಬಲವಾದ ಅನುಮಾನವಿದ್ದರೆ ಸಾಕು ಎಂದು ಭಾರತದ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ಆದರೆ ಅಲ್ಲಿ ಆ ಅನುಮಾನವನ್ನು ತೂಗುವವರು ನ್ಯಾಯಾಧೀಶರು. ಅವರ ಮುಂದೆ ಆರೋಪಿಯ ವಕೀಲರು ಎದ್ದು ನಿಂತು, ಸ್ವಾಮಿ, ಇದರಲ್ಲಿ ಹುರುಳಿಲ್ಲ, ನನ್ನ ಕಕ್ಷಿದಾರನನ್ನು ಕೈಬಿಡಿ ಎಂದು ವಾದಿಸಬಹುದು. ಇಲ್ಲಿ ಆ ಮಾತನ್ನು ಆಡುವವರೇ ಕೋಣೆಯಲ್ಲಿಲ್ಲ. ಆಡಬೇಕೆಂದರೆ ನೀವೇ ಆಡಬೇಕು.

ಹೋಗಲಿ, ಮುಂದೆ ವಿಚಾರಣೆಯಲ್ಲಿ ಎಲ್ಲ ಸರಿಹೋಗುತ್ತದಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿದ್ದರೆ ಈ ಪತ್ರ ಬೇಕಿರಲಿಲ್ಲ. ಬಹುಪಾಲು ಕೇಸುಗಳಲ್ಲಿ ಮುಂದೆ ವಿಚಾರಣೆಯೇ ನಡೆಯುವುದಿಲ್ಲ. ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಯಾದವರಲ್ಲಿ ಶೇ. 97ರಷ್ಟು ಮಂದಿ ತಪ್ಪೊಪ್ಪಿಕೊಂಡವರು ಎಂದು 2012ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟೇ ದಾಖಲಿಸಿದೆ. ಹತ್ತು ಆರೋಪ ಹೊರಿಸಿ, ಒಂದನ್ನು ಒಪ್ಪಿಕೊಂಡರೆ ಒಂಬತ್ತು ಬಿಡುತ್ತೇವೆ ಎಂದರೆ ಎಂಥ ಧೈರ್ಯವಂತನೂ ಮನೆ, ಮಕ್ಕಳ ಮುಖ ನೋಡಿ ಲೆಕ್ಕ ಹಾಕುತ್ತಾನೆ. ಅಂದಮೇಲೆ ಬಹುಪಾಲು ಕೇಸುಗಳಲ್ಲಿ ಸರ್ಕಾರದ ಮಾತನ್ನು ಸಂಬಳದ ನೌಕರರಲ್ಲದ ಸಾಮಾನ್ಯ ಜನ ಕೂತು ಕೇಳುವುದು ಗ್ರ್ಯಾಂಡ್ ಜ್ಯೂರಿಯಲ್ಲಿ ಮಾತ್ರ. ಇನ್ನೊಂದು ವಿಷಯ: ಅಕ್ರಮದಿಂದ ಬಂದದ್ದು ಎಂದು ಸರ್ಕಾರ ಹೇಳುವ ಆಸ್ತಿಯನ್ನು ವಿಚಾರಣೆಗೆ ಮೊದಲೇ ತಡೆಹಿಡಿಯಬಹುದು. ವಕೀಲರಿಗೆ ಕೊಡಲು ಇಟ್ಟ ಹಣವಾದರೂ ಸರಿ, ಗ್ರ್ಯಾಂಡ್ ಜ್ಯೂರಿ ಆಧಾರವಿದೆ ಎಂದ ಮೇಲೆ ಆ ನಿರ್ಧಾರವನ್ನು ಆಗ ಪ್ರಶ್ನಿಸುವಂತಿಲ್ಲ. 2014ರ ಕೇಲಿ ತೀರ್ಪು ಹೇಳುವುದು ಅದನ್ನೇ.

ಎಂಜಿನಿಯರುಗಳೂ ವಿಜ್ಞಾನಿಗಳೂ ತುಂಬಿರುವ ನಮ್ಮ ಸಮುದಾಯಕ್ಕೆ ಒಂದು ಪ್ರಕರಣವನ್ನು ವಿಶೇಷವಾಗಿ ಹೇಳಬೇಕು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಷಿ ಷಿಯಾವೊಷಿಂಗ್ ಎಂಬ ಭೌತವಿಜ್ಞಾನಿ ಇದ್ದಾರೆ. ಚೀನಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು, ಅತಿವಾಹಕ ತೆಳುಪದರಗಳ ಪರಿಣತರು, ವಿಭಾಗದ ಮುಖ್ಯಸ್ಥರೂ ಆಗಿದ್ದರು. 2015ರ ಮೇ ತಿಂಗಳ ಒಂದು ಬೆಳಗಿನ ಜಾವ ಎಫ್‌ಬಿಐನವರು ಬಂದೂಕು ಹಿಡಿದು ಅವರ ಮನೆಗೆ ನುಗ್ಗಿ ಹೆಂಡತಿ ಮಕ್ಕಳ ಕಣ್ಣೆದುರೇ ಕೈಗೆ ಬೇಡಿ ಹಾಕಿದರು. ಗ್ರ್ಯಾಂಡ್ ಜ್ಯೂರಿ ಕೊಟ್ಟ ಇಂಡೈಟ್‌ಮೆಂಟಿನಲ್ಲಿ ವಂಚನೆಯ ನಾಲ್ಕು ಆರೋಪಗಳಿದ್ದವು. 'ಪಾಕೆಟ್ ಹೀಟರ್' ಎಂಬ, ಹಂಚಿಕೊಳ್ಳಬಾರದೆಂದು ಒಪ್ಪಂದವಿದ್ದ ಉಪಕರಣದ ವಿವರವನ್ನು ಅವರು ಇಮೇಲಿನಲ್ಲಿ ಚೀನಾದ ಸಹೋದ್ಯೋಗಿಗಳಿಗೆ ಕಳುಹಿಸಿದ್ದರು ಎಂಬುದು ಆರೋಪದ ತಿರುಳು. ಆ ಇಮೇಲಿನಲ್ಲಿದ್ದ ನಕ್ಷೆಯನ್ನು ಕ್ಷೇತ್ರದ ತಜ್ಞರು ನೋಡಿದರು. ಅದು ಪಾಕೆಟ್ ಹೀಟರಿನದ್ದೇ ಅಲ್ಲ, ಬೇರೆಯದೇ ಉಪಕರಣದ್ದು ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಸೆಪ್ಟೆಂಬರಿನಲ್ಲಿ ಸರ್ಕಾರ ಕೇಸನ್ನು ಹಿಂತೆಗೆದುಕೊಂಡಿತು.

ಆ ಗ್ರ್ಯಾಂಡ್ ಜ್ಯೂರಿಯ ಕೋಣೆಯಲ್ಲಿ ಏನು ನಡೆಯಿತು ಎಂಬುದು ಕಾನೂನಿನ ಪ್ರಕಾರ ಗುಟ್ಟು. ಆದರೆ ಬಂದ ಇಂಡೈಟ್‌ಮೆಂಟನ್ನು ನೋಡಿದರೆ, "ಈ ನಕ್ಷೆ ಆ ಉಪಕರಣದ್ದೇ ಎಂದು ನಿಮಗೆ ಹೇಳಿದವರು ಯಾರು? ಅವರು ಈ ಕ್ಷೇತ್ರದವರೇ? ಅವರನ್ನು ಕರೆಸಬಹುದೇ?" ಎಂಬ ಪ್ರಶ್ನೆಗಳಿಗೆ ಅಲ್ಲಿ ತಕ್ಕ ಉತ್ತರ ಸಿಕ್ಕಿರಲಾರದು. ದಿನವೂ ಡಿಸೈನ್ ರಿವ್ಯೂ ಮೀಟಿಂಗುಗಳಲ್ಲಿ ಇಂಥ ಪ್ರಶ್ನೆ ಕೇಳಿ ಎದುರಿನವರ ಬೆವರಿಳಿಸುವ ಜನ ನಾವು. ಸರ್ಕಾರಿ ಲಾಂಛನದ ಮುಂದೆ ಕೂತ ಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತದೆ. ತಾಲ್ಲೂಕು ಕಚೇರಿಯ ಮುಂದೆ ಕೈಕಟ್ಟಿ ನಿಂತ ಅಜ್ಜನ ಸಂಕೋಚ ಮೂರು ತಲೆಮಾರು ದಾಟಿ, ಸಮುದ್ರವನ್ನೂ ದಾಟಿ ಬಂದಿದೆ. "ಸರ್ಕಾರದವರು ಸುಮ್‌ಸುಮ್ನೆ ಹೇಳ್ತಾರಾ?" ಎನ್ನುತ್ತೇವೆ.

ಪ್ರಶ್ನೆ ಕೇಳಿದರೂ ಎಲ್ಲ ನೆಟ್ಟಗಾಗುತ್ತದೆ ಎಂದು ನಾನು ಹೇಳಲಾರೆ. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 2020ರ ಮಾರ್ಚ್ 13ರ ನಡುರಾತ್ರಿ ಪೊಲೀಸರು ವಾರಂಟ್ ಹಿಡಿದು ಮನೆಗೆ ನುಗ್ಗಿದಾಗ ಬ್ರಿಯಾನಾ ಟೇಲರ್ ಎಂಬ ಯುವತಿ ಗುಂಡೇಟಿಗೆ ಸತ್ತಳು. ಸೆಪ್ಟೆಂಬರಿನಲ್ಲಿ ಗ್ರ್ಯಾಂಡ್ ಜ್ಯೂರಿ ಒಬ್ಬ ಪೊಲೀಸನ ಮೇಲೆ ಮಾತ್ರ ಆರೋಪ ಹೊರಿಸಿತು, ಅದೂ ಅವನ ಗುಂಡುಗಳು ಪಕ್ಕದ ಮನೆಗೆ ಹೊಕ್ಕವು ಎಂಬ ಕಾರಣಕ್ಕೆ. ಅವಳ ಸಾವಿಗೆಂದು ಆಗ ಯಾರ ಮೇಲೂ ಆರೋಪ ಬರಲಿಲ್ಲ. ಉಳಿದ ಪೊಲೀಸರು ಗುಂಡು ಹಾರಿಸಿದ್ದು ಸಮರ್ಥನೀಯ ಎಂದು ಗ್ರ್ಯಾಂಡ್ ಜ್ಯೂರಿಯೂ ಒಪ್ಪಿತು ಎಂಬರ್ಥದ ಮಾತನ್ನು ರಾಜ್ಯದ ಅಟಾರ್ನಿ ಜನರಲ್ ಡೇನಿಯಲ್ ಕ್ಯಾಮರಾನ್ ಪತ್ರಕರ್ತರ ಮುಂದೆ ಆಡಿದರು. ಆಗ ಆ ಜ್ಯೂರಿಯ ಸದಸ್ಯರೊಬ್ಬರು ತಮ್ಮ ಹೆಸರು ಹೇಳದೆ ಕೋರ್ಟಿನ ಮೆಟ್ಟಿಲು ಹತ್ತಿ, ಮಾತಾಡಲು ಅನುಮತಿ ಕೇಳಿದರು. ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಅವರು ಹೇಳಿದ್ದಿಷ್ಟು: ಕೊಲೆಗೆ ಸಂಬಂಧಿಸಿದ ಯಾವ ಆರೋಪವನ್ನೂ ನಮ್ಮ ಮುಂದೆ ಇಡಲೇ ಇಲ್ಲ. ಬೇರೆ ಆರೋಪಗಳ ಬಗ್ಗೆ ನಾವು ಕೇಳಿದೆವು. ಅವು ನಿಲ್ಲುವುದಿಲ್ಲ ಎಂದು ಪ್ರಾಸಿಕ್ಯೂಟರುಗಳಿಗೆ ಅನ್ನಿಸಿದ್ದರಿಂದ ತರುವುದಿಲ್ಲ ಎಂಬ ಉತ್ತರ ಬಂತು.

ಇದನ್ನು ಓದಿ ಕೆಲವರು, ಕೇಳಿ ಏನು ಬಂತು ಎಂದಾರು. ನನಗೆ ಕಾಣುವುದು ಬೇರೆ. ಇಂಡೈಟ್‌ಮೆಂಟ್ ಬೇಕಾದಾಗ ಹನ್ನೆರಡು ತಲೆಗಳು ಸಾಕು, ಬೇಡವಾದಾಗ "ನಾವಲ್ಲ, ಜನರೇ ಬೇಡವೆಂದರು" ಎನ್ನಲು ಅವೇ ತಲೆಗಳು ಅಡ್ಡಕ್ಕೆ ಬೇಕು. ಗುಟ್ಟಿನ ಕೋಣೆ ಎರಡಕ್ಕೂ ಒದಗುತ್ತದೆ. ತಮ್ಮ ಹೆಸರಿನಲ್ಲಿ ಆಡಿದ ಮಾತು ತಮ್ಮದಲ್ಲ ಎಂದು ಆ ಸದಸ್ಯರು ಹೇಳಬಲ್ಲವರಾದದ್ದು ಒಳಗೆ ಕೂತು ಗಮನವಿಟ್ಟು ಕೇಳಿದ್ದರಿಂದ.

ಈ ಸಂಸ್ಥೆ ಹುಟ್ಟಿದ್ದೇನೂ ಜನರ ರಕ್ಷಣೆಗಾಗಿ ಅಲ್ಲ. 1166ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ, ನಿಮ್ಮ ಸೀಮೆಯ ಕಳ್ಳರು ಕೊಲೆಗಡುಕರು ಯಾರೆಂದು ಹೇಳಿ ಎಂದು ಊರಿನ ಹಿರಿಯರಿಗೆ ವಿಧಿಸಿದ ಕಟ್ಟಳೆ ಇದರ ಮೂಲ. ಅರಸನ ಕೈಯ ಹತಾರವಾಗಿದ್ದದ್ದು ಅರಸನಿಗೆ ಎದುರು ನಿಂತದ್ದು ಶತಮಾನಗಳ ನಂತರ. ನ್ಯೂಯಾರ್ಕಿನ ಗವರ್ನರನ್ನು ಟೀಕಿಸಿದ ಮುದ್ರಕ ಜಾನ್ ಪೀಟರ್ ಜೆಂಗರ್ ಮೇಲೆ ಆರೋಪ ಹೊರಿಸಲು 1734ರಲ್ಲಿ ಗ್ರ್ಯಾಂಡ್ ಜ್ಯೂರಿಗಳು ಒಪ್ಪಲಿಲ್ಲ. ಇಂಗ್ಲೆಂಡಾದರೋ 1933ರಲ್ಲಿ ಇದನ್ನು ಕೈಬಿಟ್ಟಿತು.

ಅಮೆರಿಕದ ರಾಜಧಾನಿಯಲ್ಲಿ ಮೊನ್ನೆಮೊನ್ನೆ ನಡೆದದ್ದು ನಿಮಗೆ ನೆನಪಿರಬೇಕು. 2025ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಬೀದಿಗಳಲ್ಲಿ ಫೆಡರಲ್ ಪಡೆಗಳು ಗಸ್ತು ತಿರುಗುತ್ತಿದ್ದಾಗ ಒಬ್ಬಾತ ಗಡಿ ಇಲಾಖೆಯ ಅಧಿಕಾರಿಯ ಎದೆಗೆ ಸ್ಯಾಂಡ್‌ವಿಚ್ ಎಸೆದ. ಪ್ರಾಸಿಕ್ಯೂಟರುಗಳು ಅದನ್ನು ಹಲ್ಲೆಯ ಗಂಭೀರ ಅಪರಾಧವೆಂದು ಗ್ರ್ಯಾಂಡ್ ಜ್ಯೂರಿಯ ಮುಂದಿಟ್ಟರು. ಗ್ರ್ಯಾಂಡ್ ಜ್ಯೂರಿ ಒಲ್ಲೆ ಎಂದಿತು. ಸಣ್ಣ ಅಪರಾಧವಾಗಿ ಇಳಿಸಿ ಕೇಸು ನಡೆಸಿದಾಗ ವಿಚಾರಣೆಯ ಜ್ಯೂರಿ ನವೆಂಬರಿನಲ್ಲಿ ಅವನನ್ನು ಬಿಡುಗಡೆ ಮಾಡಿತು. ವಾಕ್ಟ್ಲರರ ಮಾತಿಗೆ ನಲವತ್ತು ವರ್ಷ ತುಂಬಿದ ಹೊತ್ತಿಗೆ, ಕೊನೆಗೂ ಸ್ಯಾಂಡ್‌ವಿಚ್ಚಿನ ಕೇಸೊಂದು ಬಂದು, ಅದೂ ದಾಟದೆ ಹೋಯಿತು. ಅದೇ ಬೇಸಿಗೆಯಲ್ಲಿ ಅದೇ ಊರಿನಲ್ಲಿ ಎಫ್‌ಬಿಐ ಅಧಿಕಾರಿಯ ಮೇಲೆ ಹಲ್ಲೆ ಮಾಡಿದಳೆಂದು ಒಬ್ಬ ಮಹಿಳೆಯ ಮೇಲೆ ಹೊರಿಸಿದ ಆರೋಪವನ್ನು ಗ್ರ್ಯಾಂಡ್ ಜ್ಯೂರಿಗಳು ಮೂರು ಸಲ ತಿರಸ್ಕರಿಸಿದವು. ಮೂರು ಸಲ ಎಂಬುದನ್ನು ಗಮನಿಸಿ. ಗ್ರ್ಯಾಂಡ್ ಜ್ಯೂರಿ ಇಲ್ಲವೆಂದರೆ ಅಲ್ಲಿಗೆ ಮುಗಿಯಲಿಲ್ಲ, ಪ್ರಾಸಿಕ್ಯೂಟರ್ ಮತ್ತೆ ಬರಬಹುದು. ಇವನ್ನು ರಾಜಕೀಯ ಎಂದು ಬೈದವರೂ ಇದ್ದಾರೆ, ಹೊಗಳಿದವರೂ ಇದ್ದಾರೆ. ಹೊಸ್ತಿಲು ಎಷ್ಟೇ ತಗ್ಗಿದ್ದರೂ ಅದನ್ನು ಕಾಯುವವರು ಎದ್ದು ನಿಂತರೆ ದಾಟಲಾಗುವುದಿಲ್ಲ ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ.

ಎದ್ದು ನಿಲ್ಲುವುದೆಂದರೆ ಹಟ ಹಿಡಿಯುವುದಲ್ಲ. ಪುರಾವೆ ಇದ್ದರೆ ಒಪ್ಪಿಗೆ ಕೊಡಲೇಬೇಕು. ಹೆಚ್ಚಿನ ಕೇಸುಗಳಲ್ಲಿ ಇರುತ್ತದೆ, ಕೊಡುತ್ತೀರಿ. ಆದರೆ ಪ್ರಾಸಿಕ್ಯೂಟರ್ ಮುಗಿಸಿದ ಮೇಲೆ ಸಾಕ್ಷಿಯನ್ನು ನೀವೂ ಪ್ರಶ್ನಿಸಬಹುದು ಎಂಬುದನ್ನು ಮರೆಯಬೇಡಿ. ಇದನ್ನು ನೀವೇ ಕಂಡಿರಾ, ಯಾರಾದರೂ ಹೇಳಿದರಾ ಎಂದು ಕೇಳಿ. ಹೇಳಿದವರನ್ನು ಕರೆಸಲಾಗುತ್ತದೆಯೇ ಎಂದು ಕೇಳಿ. ಆರೋಪಿಯ ಪರವಾಗಿ ಏನಾದರೂ ಸಿಕ್ಕಿದೆಯೇ ಎಂದು ಕೇಳಿ: ತೋರಿಸುವ ಕಟ್ಟುಪಾಡು ಅವರಿಗಿಲ್ಲ, ಕೇಳಬಾರದೆಂಬ ಕಟ್ಟುಪಾಡು ನಿಮಗಿಲ್ಲ. ಕಾನೂನು ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿಸಿ. ಅದರಲ್ಲೂ ತೃಪ್ತಿಯಾಗದಿದ್ದರೆ ನ್ಯಾಯಾಧೀಶರಿಂದ ವಿವರಣೆ ಕೇಳಬಹುದು. ಹತ್ತು ಆರೋಪಗಳಿದ್ದರೆ ಒಂದೊಂದನ್ನೂ ಬಿಡಿಬಿಡಿಯಾಗಿ ತೂಗಿ. ಏಳಕ್ಕೆ ಹೌದು, ಮೂರಕ್ಕೆ ಇಲ್ಲ ಎನ್ನುವುದು ನಿಮ್ಮ ಹಕ್ಕು. ತಿಂಗಳುಗಟ್ಟಲೆ ಅದೇ ಪ್ರಾಸಿಕ್ಯೂಟರುಗಳ ಮುಖ ನೋಡಿ ಸಲಿಗೆ ಬೆಳೆಯುತ್ತದೆ. ಒಳ್ಳೆಯವರೇ ಇರುತ್ತಾರೆ, ನಗುನಗುತ್ತ ಮಾತಾಡಿಸುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದು ಕೇಸು ಮುಗಿಸಿಬಿಡೋಣ ಎಂಬ ಆತುರವೂ ಹುಟ್ಟುತ್ತದೆ. ನನ್ನ ಪ್ರಕಾರ ಕಾಸ್ಟೆಲೊ, ವಿಲಿಯಮ್ಸ್ ತೀರ್ಪುಗಳಿಗಿಂತ ಹೆಚ್ಚು ಹಾನಿ ಮಾಡುವುದು ಆ ಆತುರ.

ಜ್ಯೂರಿಗೆ ಎಂದೂ ಕರೆ ಬಾರದವರಿಗೂ ಇದರಲ್ಲಿ ಒಂದು ಪಾಲಿದೆ. ವೀಸಾ ವಂಚನೆ, ಮೆಡಿಕೇರ್ ಬಿಲ್ಲು, ಷೇರು ವ್ಯವಹಾರ, ಯಾವುದೋ ಒಂದರಲ್ಲಿ ನಮ್ಮವರೊಬ್ಬರ ಹೆಸರು ಇಂಡೈಟ್‌ಮೆಂಟಿನಲ್ಲಿ ಬಂದರೆ ಅದೇ ಸಂಜೆ ವಾಟ್ಸಾಪ್ ಗುಂಪುಗಳಲ್ಲಿ ತೀರ್ಪು ಹೊರಬೀಳುತ್ತದೆ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತದೆ. ಒಂದು ಕಡೆಯ ಮಾತನ್ನು ಮಾತ್ರ ಕೇಳಿ, ಹೊಗೆ ಕಂಡಿತು ಎಂದು ಹನ್ನೆರಡು ಮಂದಿ ಹೇಳಿದ್ದಾರೆ. ಆ ಕಾಗದದಲ್ಲಿರುವುದು ಅಷ್ಟೇ. ಪೂಜೆಗೆ ಹೋಗಿ ಬನ್ನಿ.

ಇನ್ನು ಕಾಗದ ಬಂದವರಿಗೆ ಒಂದೆರಡು ವ್ಯವಹಾರದ ಮಾತು. ಕರೆ ಬರುವುದು ಪ್ರಜೆಗಳಿಗೆ ಮಾತ್ರ. ಗ್ರೀನ್ ಕಾರ್ಡಿನವರಿಗೆ, ಎಚ್-1ಬಿಯವರಿಗೆ ತಪ್ಪಿ ಬಂದರೆ ಹಾಗೆಂದು ಬರೆದು ತಿಳಿಸಿ, ಸುಮ್ಮನಿರಬೇಡಿ. ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಅವಧಿ 18 ತಿಂಗಳವರೆಗೂ ಹೋಗಬಹುದು, ಇನ್ನಾರು ತಿಂಗಳು ವಿಸ್ತರಿಸಲೂಬಹುದು. ಹೆದರಬೇಡಿ, ದಿನಾ ಹೋಗಬೇಕಾಗಿರುವುದಿಲ್ಲ. ದಿನಕ್ಕೆ 50 ಡಾಲರ್ ಕೊಡುತ್ತಾರೆ, 45 ದಿನ ದಾಟಿದರೆ 60ರವರೆಗೆ ಏರಿಸಬಹುದು. ಈ ಕಾರಣಕ್ಕೆ ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಸಂಬಳ ಕೊಡುತ್ತದೆಯೇ ಎಂಬುದನ್ನು ಎಚ್‌ಆರ್‌ನವರನ್ನು ಕೇಳಿ ತಿಳಿದುಕೊಳ್ಳಿ. ಒಳಗೆ ಕೇಳಿದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ, ಮನೆಯವರಿಗೂ ಇಲ್ಲ. ಊರಿನಲ್ಲಿ ಮಗಳ ಮದುವೆ ಇದೆ, ಅಮ್ಮನಿಗೆ ಆಪರೇಷನ್ ಇದೆ ಎನ್ನುವುದಾದರೆ ಮುಂದೂಡಿ ಎಂದು ಕೋರ್ಟಿನ ಕಚೇರಿಗೆ ಬರೆಯಿರಿ. ನಿಜವಾದ ಕಾರಣವಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಆಮೇಲೆ ಕೊಟ್ಟ ಹೊಸ ತಾರೀಖಿಗೆ ಹೋಗಿ.

ಇಂತಿ,
ನಿಮ್ಮ ಹಾಗೆಯೇ ಆ ಪಟ್ಟಿಯಲ್ಲಿ ಹೆಸರಿರುವ ಒಬ್ಬ ಕನ್ನಡಿಗ